ಮನೇಲೇ ಶುಂಠಿ ಬೀರು ಮಾಡೋದು, ನಮ್ಮ ಕಾಸರಗೋಡಿನ ಸೆಕೆಗೆ ತಕ್ಕ ಹಾಗೆ

ಮನೇಲಿ ವೈನು ಮಾಡ್ಬೇಕು, ಸೈಡರ್ ಮಾಡ್ಬೇಕು ಅಂತ ಆಸೆ ಇರುವವರು ಮೊದಲು ಶುಂಠಿ ಬೀರಿನಿಂದ ಶುರು ಮಾಡಿ, ಅಂದ್ರೆ ಶುಂಠಿ ಸಕ್ಕರೆ ನೀರನ್ನು ಹುಳಿ ಬರಿಸಿ ಮಾಡುವ ಗ್ಯಾಸಿನ ಪಾನೀಯ. ವೈನಿಗೆ ತಿಂಗಳುಗಟ್ಟಲೆ ಕಾಯ್ಬೇಕು, ಹಾಳಾದ್ರೆ ಅಷ್ಟೂ ಹಣ್ಣು ಸಕ್ಕರೆ ಅಡಿಕೆ ಮರದ ಬುಡಕ್ಕೆ. ಇದು ಹಾಗಲ್ಲ, ಎಲ್ಲ ಸೇರಿ ಒಂದು ವಾರ, ಮಳೆಗಾಲದಲ್ಲಿ ಹೆಚ್ಚೆಂದ್ರೆ ಹತ್ತು ದಿನದ ಕೆಲಸ, ಕೈಕೊಟ್ರೂ ಹೋಗೋದು ಕಾಲು ಕಿಲೋ ಶುಂಠಿ ಮತ್ತೆ ಸ್ವಲ್ಪ ಸಕ್ಕರೆ. ಆದ್ರೆ ಯೀಸ್ಟ್, ಅಂದ್ರೆ ಸಕ್ಕರೆಯನ್ನು ಗ್ಯಾಸು ಆಲ್ಕೊಹಾಲು ಮಾಡುವ ಸೂಕ್ಷ್ಮಜೀವಿ, ಹೇಗೆ ಸಕ್ಕರೆ ತಿಂತದೆ, ಗ್ಯಾಸ್ ಎಷ್ಟು ಬರ್ತದೆ, ಸೆಕೆ ಜಾಸ್ತಿ ಆದ್ರೆ ಎಂತ ಆಗ್ತದೆ, ಈ ಪಾಠ ಎಲ್ಲ ಇದ್ರಲ್ಲೇ ಸಿಗ್ತದೆ.

ಇನ್ನೊಂದು ಕಾರಣ ಕಾನೂನು. ನಾವು ಮನೇಲಿ ಕನ್ನಡ ಮಾತಾಡಿದ್ರೂ ಅಬಕಾರಿ ಕೇರಳದ್ದೇ ಅಲ್ವಾ, ಇಲ್ಲಿನ ಅಬ್ಕಾರಿ ಆ್ಯಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದೆ ವೈನ್ ಮಾಡೋದು ತಪ್ಪು, 2019ರಲ್ಲಿ ಕ್ರಿಸ್ಮಸ್ ಹತ್ತಿರ ಬಂದಾಗ ಇಲಾಖೆಯವರು ಅದನ್ನು ಮತ್ತೊಮ್ಮೆ ನೆನಪಿಸಿದ್ರು. 2022ರಲ್ಲಿ ಹಣ್ಣಿನ ವೈನಿನ ಸಣ್ಣ ಘಟಕಗಳಿಗೆ ಅಂತ ಕೇರಳ ಸರ್ಕಾರ ಹೊಸ ರೂಲ್ಸ್ ತಂದಿದೆ, ಅದೂ ಲೈಸೆನ್ಸ್ ತಗೊಂಡು ಮಾಡುವವರಿಗೆ, ನಮ್ಮ ಅಡಿಗೆ ಕೋಣೆಗೆ ಅಲ್ಲ. ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದ್ರೆ ಅಲ್ಲಿಯೂ ಲೈಸೆನ್ಸ್ ಬೇಕು. ಇನ್ನು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ) ಲೆಕ್ಕದಲ್ಲಿ ನೂರಕ್ಕೆ ಅರ್ಧ ಭಾಗಕ್ಕಿಂತ, ಅಂದ್ರೆ 0.5 ಪರ್ಸೆಂಟಿಗಿಂತ ಜಾಸ್ತಿ ಆಲ್ಕೊಹಾಲ್ ಇದ್ರೆ ಅದು ಮದ್ಯ. ಶುಂಠಿ ಬೀರನ್ನು ಸರಿಯಾದ ಹೊತ್ತಿಗೆ ಫ್ರಿಜ್ಜಿಗೆ ಹಾಕಿದ್ರೆ ಆ ಗೆರೆಯ ಹತ್ತಿರ ಹತ್ತಿರ ನಿಲ್ತದೆ, ಉದಾಸೀನ ಮಾಡಿ ಹೊರಗೆ ಬಿಟ್ರೆ ಗೆರೆ ದಾಟಿ ಹೋಗ್ತದೆ. ಹಾಗಾಗಿ ಗ್ಯಾಸ್ ಸ್ವಲ್ಪ ಕಡಿಮೆ ಇದ್ರೂ ಪರವಾಗಿಲ್ಲ ಅಂತ ಬೇಗ ನಿಲ್ಸುವುದೇ ಒಳ್ಳೇದು. ಮಾರ್ಲಿಕ್ಕಂತೂ ಹೋಗ್ಬೇಡಿ. ಮತ್ತೆ ಯಾರಿಗಾದ್ರೂ ಕೊಡುವಾಗ ಇದ್ರಲ್ಲಿ ಚೂರು ಆಲ್ಕೊಹಾಲ್ ಇರ್ತದೆ ಅಂತ ಮೊದಲೇ ಹೇಳಿ. ನಮ್ಮ ಊರಲ್ಲಿ ಅಕ್ಕಪಕ್ಕ ಬ್ಯಾರಿಗಳು, ಮಾಪಿಳ್ಳೆಯವರು ಅಂತ ಮುಸ್ಲಿಮರು ಇರ್ತಾರೆ, ನಮ್ಮಲ್ಲೇ ವ್ರತ ಹಿಡಿದವರು ಇರ್ತಾರೆ, ಬಸುರಿಯರು ಇರ್ತಾರೆ, ಶುಂಠಿ ಶರಬತ್ತು ಅಂತ ಹೇಳಿ ಕುಡಿಸೋದು ಸರಿಯಲ್ಲ. ಸಣ್ಣ ಮಕ್ಕಳಿಗೆ ಬೇಡವೇ ಬೇಡ.

ಸರಿ, ಕೆಲಸಕ್ಕೆ ಬರುವ.

ಮೊದಲು ಬೇಕಾದ್ದು ಹೆಪ್ಪು. ಮೊಸರಿಗೆ ಹೇಗೆ ಹೆಪ್ಪು ಹಾಕ್ತೇವೋ ಹಾಗೇ ಇದಕ್ಕೂ ಒಂದು ಹೆಪ್ಪು ಬೇಕು, ಇಂಗ್ಲಿಷಿನವರು ಜಿಂಜರ್ ಬಗ್ ಅಂತಾರೆ. ಶುಂಠಿಯ ಸಿಪ್ಪೆಯ ಮೇಲೆ ಯೀಸ್ಟ್ ಮತ್ತೆ ಮೊಸರು ಹುಳಿ ಮಾಡುವ ಜಾತಿಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮೊದಲೇ ಕೂತಿರ್ತದೆ, ಅದಕ್ಕೆ ಸಕ್ಕರೆ ನೀರು ಕೊಟ್ಟು ಎಬ್ಬಿಸೋದು ಅಷ್ಟೆ ನಮ್ಮ ಕೆಲಸ. ಶುಂಠಿ ಬೀರು ಹದಿನೆಂಟನೇ ಶತಮಾನದಿಂದ ಇಂಗ್ಲೆಂಡಿನಲ್ಲಿ ಮನೆಮನೆಯಲ್ಲಿ ಮಾಡ್ತಾ ಇದ್ದದ್ದು, ಅಲ್ಲಿನ ಹಳೇ ಹೆಪ್ಪನ್ನು ಮಾರ್ಷಲ್ ವಾರ್ಡ್ ಅನ್ನುವ ಸಸ್ಯವಿಜ್ಞಾನಿ ಪರೀಕ್ಷೆ ಮಾಡಿ 1892ರಲ್ಲಿ ಬರೆದದ್ದು ಇದನ್ನೇ, ಒಂದು ಯೀಸ್ಟು ಮತ್ತೆ ಒಂದು ಬ್ಯಾಕ್ಟೀರಿಯಾ ಒಟ್ಟಿಗೆ ಸಂಸಾರ ಮಾಡ್ತವೆ, ಒಂದು ಗ್ಯಾಸ್ ಕೊಡ್ತದೆ ಇನ್ನೊಂದು ಹುಳಿ ಕೊಡ್ತದೆ ಅಂತ. ಅವರ ಹೆಪ್ಪು ಕಾಳುಕಾಳಾಗಿ ಇರ್ತಿತ್ತು, ನಮ್ಮದು ನೀರು ನೀರಾಗಿ ಇರ್ತದೆ.

ಶುಂಠಿ ತರುವಾಗ ನೋಡಿ ತನ್ನಿ. ಮನೆ ಹಿತ್ತಿಲಲ್ಲಿ ಇದ್ರೆ ಅದೇ ಫಸ್ಟ್ ಕ್ಲಾಸ್. ಪೇಟೆಯದ್ದಾದ್ರೆ ತೊಳೆದು ಫಳಫಳ ಹೊಳೆಯುವ ಶುಂಠಿ ಬೇಡ, ಮಣ್ಣು ಅಂಟಿಕೊಂಡು ನೋಡ್ಲಿಕ್ಕೆ ಚಂದ ಇಲ್ಲದ್ದು ಬೇಕು, ವಯನಾಡಿಂದ ಕೊಡಗಿಂದ ಬರುವ ಲೋಡಿನಲ್ಲಿ ಅಂಥದ್ದು ಸಿಗ್ತದೆ. ಮಣ್ಣು ಹೋಗುವಷ್ಟು ತೊಳೀರಿ, ಸಿಪ್ಪೆ ಮಾತ್ರ ತೆಗೀಬೇಡಿ. ಸಿಪ್ಪೆ ಹೆರೆದು ಬಿಸಾಡಿದ್ರೆ ನಿಮಗೆ ಬೇಕಾದ ಯೀಸ್ಟೇ ಕಸದ ಬುಟ್ಟಿಗೆ ಹೋದ ಹಾಗೆ.

ನೀರಿನ ವಿಷಯ. ಬಾವಿ ನೀರು ಇದ್ರೆ ಕುದಿಸಿ ಆರಿಸಿ, ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಇರುವ ಮನೆಯವರು ಪುಣ್ಯವಂತರು, ಆದ್ರೂ ಕುದಿಸಿ. ಪಂಚಾಯತಿನ ನಳ್ಳಿ ನೀರಲ್ಲಿ ಕ್ಲೋರಿನ್ ಇರ್ತದೆ, ಅದು ನಮ್ಮ ಯೀಸ್ಟನ್ನೂ ಬಿಡೋದಿಲ್ಲ, ಕುದಿಸಿ ಒಂದು ರಾತ್ರಿ ತೆರೆದಿಟ್ರೆ ಹೋಗ್ತದೆ. ಬೋರ್‌ವೆಲ್ಲಿನ ನೀರಲ್ಲಿ ಕಬ್ಬಿಣದ ರುಚಿ ಇದ್ರೆ ಅದನ್ನು ಬಿಡಿ, ಪುನರ್ಪುಳಿ, ಅಂದ್ರೆ ಕೋಕಂ, ಹಾಕಿದ ದಿನ ಬಣ್ಣ ಕೂಡ ಕಪ್ಪು ಕಪ್ಪು ಮಾಡಿ ಹಾಕ್ತದೆ.

ಹೆಪ್ಪು ಮಾಡೋದು ಹೀಗೆ. ಅರ್ಧ ಲೀಟರಿನ ಅಗಲ ಬಾಯಿಯ ಗಾಜಿನ ಬಾಟ್ಲಿ, ಉಪ್ಪಿನಕಾಯಿ ವಾಸನೆ ಇಲ್ಲದ್ದು, ಕುದಿಯುವ ನೀರಲ್ಲಿ ತೊಳೆದು ಒಣಗಿಸಿ. ಅದಕ್ಕೆ 300 ಮಿಲಿ ನೀರು, ಒಂದು ದೊಡ್ಡ ಚಮಚ ತುರಿದ ಶುಂಠಿ, ಒಂದು ದೊಡ್ಡ ಚಮಚ ಸಕ್ಕರೆ. ಕಲಕಿ, ಬಾಯಿಗೆ ತೆಳ್ಳಗಿನ ಬಟ್ಟೆ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ. ಮುಚ್ಚಳ ಹಾಕ್ಬೇಡಿ. ಬಾಟ್ಲಿಯನ್ನು ನೀರು ತುಂಬಿದ ಬಟ್ಟಲಿನ ನಡುವೆ ಇಡಿ, ಇಲ್ಲದಿದ್ರೆ ಬೆಳಗಾಗುವಾಗ ಕಟ್ಟಿರುವೆಯ ಸಾಲು ನಿಮ್ಮ ಹೆಪ್ಪಿನ ಒಳಗೆ. ಬಟ್ಟೆಯ ಕಟ್ಟು ಬಿಗಿ ಇರ್ಬೇಕು ಯಾಕೆಂದ್ರೆ ಮಾವಿನಹಣ್ಣಿನ ಮೇಲೆ ಹಾರಾಡುವ ಆ ಸಣ್ಣ ನೊಣ ಉಂಟಲ್ಲ, ಅದು ಒಳಗೆ ಬಿದ್ರೆ ವಿನೆಗರ್ ಮಾಡುವ ಬ್ಯಾಕ್ಟೀರಿಯಾ ತಂದು ಹಾಕ್ತದೆ, ಮತ್ತೆ ನಿಮಗೆ ಸಿಗೋದು ಬೀರಲ್ಲ, ವಿನೆಗರ್.

ದಿನಾ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ, ಬೆಳಿಗ್ಗೆ ಸಂಜೆ ಒಂದೊಂದು ಸಲ ಕಲಕೋದು, ಇಷ್ಟೇ. ಪುಸ್ತಕದಲ್ಲಿ ಒಂದು ವಾರ ಅಂತ ಇರ್ತದೆ, ಅದು ಚಳಿ ದೇಶದವರು ಬರೆದದ್ದು. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಅಡಿಗೆ ಕೋಣೆಯೇ 32, 33 ಡಿಗ್ರಿ ಇರುವಾಗ ಎರಡನೇ ದಿನಕ್ಕೇ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಕಾಣ್ತದೆ, ಮೂರನೇ ದಿನ ಚಮಚ ಹಾಕಿ ಕಲಕಿದ ಕೂಡ್ಲೆ ಬುರ್ರ್ ಅಂತ ನೊರೆ ಮೇಲೆ ಬಂದು ಶುಂಠಿ ತುರಿ ಎಲ್ಲ ತೇಲಿ ನಿಲ್ತದೆ. ಜುಲೈಯಲ್ಲಿ ಮಳೆ ಹಿಡಿದು ಕೂತಾಗ ಐದಾರು ದಿನ ಆಗ್ಬಹುದು. ದಿನ ಲೆಕ್ಕ ಹಾಕ್ಬೇಡಿ, ನೊರೆ ನೋಡಿ. ವಾಸನೆ ಶುಂಠಿಯ ಘಾಟು, ಚೂರು ಹುಳಿ, ಚೂರು ದೋಸೆ ಹಿಟ್ಟು ಹುಳಿ ಬಂದ ವಾಸನೆ ಇರ್ತದೆ. ನಮ್ಮ ಅತ್ತೆ ಮೂಸಿ ನೋಡಿ "ಎಂತ ಇದು, ಕಷಾಯ ಹಳಸಿದ್ದಾ?" ಅಂತ ಕೇಳ್ತಾರೆ, ಆ ವಾಸನೆ ಬಂದ್ರೆ ಹೆಪ್ಪು ರೆಡಿ ಅಂತ ನಾನು ತಿಳ್ಕೊಳ್ಳೋದು. ಮೇಲೆ ತೆಳ್ಳಗೆ ಬಿಳೀ ಪದರ ಕಟ್ಟಿದ್ರೆ ಹೆದರ್ಬೇಡಿ, ತೆಗೆದು ಬಿಸಾಡಿ ಮುಂದುವರಿಸಿ. ಹಸುರು, ಕಪ್ಪು, ಗುಲಾಬಿ ಬಣ್ಣದ ಬೂಸ್ಟು ಉಣ್ಣೆ ಉಣ್ಣೆಯಾಗಿ ಬಂದ್ರೆ ಮಾತ್ರ ಪೂರ್ತಿ ಚೆಲ್ಲಿ, ಮೇಲಿಂದ ತೆಗೆದು ಉಳಿಸುವ ಆಸೆ ಬೇಡ.

ಈಗ ಅಸಲು ಬೀರು, ಎರಡು ಲೀಟರಿಗೆ ಲೆಕ್ಕ ಹೇಳ್ತೇನೆ. ಶುಂಠಿ 150 ಗ್ರಾಂ, ಸಕ್ಕರೆ 180 ಗ್ರಾಂ, ಲಿಂಬೆ ಎರಡು, ಹೆಪ್ಪಿನ ನೀರು ಸೋಸಿದ್ದು 120 ಮಿಲಿ. ಘಾಟು ಜಾಸ್ತಿ ಬೇಕಾದವರು ಒಂದು ಗಾಂಧಾರಿ ಮೆಣಸು ಸೀಳಿ ಹಾಕ್ಬಹುದು, ಒಂದೇ ಸಾಕು ಮಾರಾಯ್ರೆ, ಎರಡು ಹಾಕಿದ್ರೆ ಮತ್ತೆ ಬೀರಿನ ಬದಲು ಮಜ್ಜಿಗೆ ಹುಡುಕ್ಬೇಕಾದೀತು. ಶುಂಠಿಯನ್ನು ಗುದ್ದಿ, ಒಂದು ಲೀಟರ್ ನೀರಲ್ಲಿ ಹದಿನೈದು ನಿಮಿಷ ಕುದಿಸಿ, ಒಲೆ ಆರಿಸಿ ಸಕ್ಕರೆ ಕರಗಿಸಿ, ಉಳಿದ ಒಂದು ಲೀಟರ್ ಕುದಿಸಿ ಆರಿಸಿದ ನೀರನ್ನು ಮೇಲಿಂದ ಸೇರಿಸಿ. ಸಕ್ಕರೆ ಬದಲು ಬೆಲ್ಲ ಹಾಕ್ಬಹುದು, ರುಚಿ ದಪ್ಪ ಬರ್ತದೆ, ಆದ್ರೆ ಬೆಲ್ಲದಲ್ಲಿ ಖನಿಜಾಂಶ ಇರುವ ಕಾರಣ ಯೀಸ್ಟ್ ಇನ್ನೂ ಜೋರು ಓಡ್ತದೆ, ಮೊದಲ ಸಲಕ್ಕೆ ಬಿಳೀ ಸಕ್ಕರೆಯೇ ಇರ್ಲಿ.

ಈಗ ತಾಳ್ಮೆ. ತಪಲೆಯ ಹೊರಗೆ ಕೈ ಇಟ್ರೆ ಬಿಸಿ ಗೊತ್ತೇ ಆಗದಷ್ಟು ಆರಬೇಕು. 40 ಡಿಗ್ರಿ ದಾಟಿದ್ರೆ ಯೀಸ್ಟ್ ಸುಸ್ತು ಬೀಳ್ತದೆ, 50 ದಾಟಿದ್ರೆ ಸತ್ತೇ ಹೋಗ್ತದೆ, ಮತ್ತೆ ಮೂರು ದಿನ ಕಾದು ಗ್ಯಾಸೇ ಬರ್ಲಿಲ್ಲ ಅಂತ ಬೇಜಾರು ಮಾಡುವವರಲ್ಲಿ ಹೆಚ್ಚಿನವರ ತಪ್ಪು ಇಲ್ಲೇ. ಆರಿದ ಮೇಲೆ ಸೋಸಿ, ಲಿಂಬೆ ಹಿಂಡಿ, ಹೆಪ್ಪಿನ ನೀರು ಹಾಕಿ ಚೆನ್ನಾಗಿ ಕಲಕಿ. ಹೆಪ್ಪಿನ ಬಾಟ್ಲಿಗೆ ತೆಗೆದಷ್ಟೇ ನೀರು ಮತ್ತೆ ಒಂದು ಚಮಚ ಸಕ್ಕರೆ ವಾಪಸ್ ಹಾಕಿ ಇಡಿ, ಮುಂದಿನ ಸಲಕ್ಕೆ ಬೇಕು.

ಬಾಟ್ಲಿ ಬಗ್ಗೆ ಸ್ವಲ್ಪ ಉದ್ದ ಹೇಳ್ತೇನೆ, ಯಾಕೆಂದ್ರೆ ಪೆಟ್ಟಾಗುವ ಜಾಗ ಇದೊಂದೇ. ಲೆಕ್ಕ ನೋಡಿ, ಒಂದು ಲೀಟರ್ ಪಾನೀಯದಲ್ಲಿ ಸುಮಾರು 4 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದ್ರೆ ಒಂದು ಲೀಟರಿನಷ್ಟು ಗ್ಯಾಸ್ ಹುಟ್ತದೆ. ಅಂಗಡಿಯ ಕೋಲಾದಲ್ಲಿ ಲೀಟರಿಗೆ ಮೂರೂವರೆ ನಾಲ್ಕು ಲೀಟರ್ ಗ್ಯಾಸ್ ತುಂಬಿರ್ತಾರೆ, ನಮ್ಮ ಬೀರಿಗೆ ಎರಡು ಎರಡೂವರೆ ಸಾಕು, ಅಂದ್ರೆ 8ರಿಂದ 10 ಗ್ರಾಂ ಸಕ್ಕರೆ ಖರ್ಚಾದ್ರೆ ಕೆಲಸ ಮುಗೀತು. ನಾವು ಹಾಕಿದ್ದು ಲೀಟರಿಗೆ 90 ಗ್ರಾಂ! ಉಳಿದ 80 ಗ್ರಾಂ ಸಿಹಿಗೆ ಅಂತ ಹಾಕಿದ್ದು, ಆದ್ರೆ ಅದು ಸಿಹಿಗೆ ಇದ್ದದ್ದು ಅಂತ ಯೀಸ್ಟಿಗೆ ಗೊತ್ತಿಲ್ಲ, ಅದು ತಿಂತಾನೇ ಹೋಗ್ತದೆ. ಪೂರ್ತಿ ತಿಂದ್ರೆ ಲೀಟರಿಗೆ ಇಪ್ಪತ್ತು ಲೀಟರಿಗಿಂತ ಜಾಸ್ತಿ ಗ್ಯಾಸ್, ಯಾವ ಬಾಟ್ಲಿಯೂ ತಡೀಲಿಕ್ಕಿಲ್ಲ. ಆಲ್ಕೊಹಾಲಿನ ಲೆಕ್ಕವೂ ಇದ್ರಲ್ಲೇ ಉಂಟು, ಲೀಟರಿಗೆ 17 ಗ್ರಾಂ ಸಕ್ಕರೆ ಹೋದ್ರೆ ಸುಮಾರು ಒಂದು ಪರ್ಸೆಂಟ್, ಹಾಗಾಗಿ 8-10 ಗ್ರಾಮಿಗೆ ಅರ್ಧ ಪರ್ಸೆಂಟಿನ ಆಚೀಚೆ.

ಹಾಗಾಗಿ ಗಾಜಿನ ಬಾಟ್ಲಿ ಬೇಡ. ಗುಜರಿಯಲ್ಲಿ ಸಿಗುವ ಹಳೇ ಬೀರ್ ಬಾಟ್ಲಿ, ಅಜ್ಜನ ಕಾಲದ ಗೋಲಿ ಸೋಡಾ ಬಾಟ್ಲಿ, ಜ್ಯೂಸಿನ ಚಂದದ ಬಾಟ್ಲಿ, ಯಾವುದೂ ಬೇಡ. ಗೋಲಿ ಸೋಡಾದವರು ಸಿಲಿಂಡರಿನಿಂದ ಅಳತೆ ನೋಡಿ ಗ್ಯಾಸ್ ತುಂಬಿಸ್ತಾರೆ, ನಮ್ಮದು ಒಳಗೇ ಬೆಳೀತಾ ಹೋಗುವ ಗ್ಯಾಸ್, ಗಾಜು ಒಡೆದ್ರೆ ಚೂರು ಕಣ್ಣಿಗೇ. ಕೋಲಾ, ಸೋಡಾ ಬರುವ ದಪ್ಪ ಪ್ಲಾಸ್ಟಿಕ್ ಬಾಟ್ಲಿ ಬೇಕು, ಅಡಿಯಲ್ಲಿ ಐದು ಕಾಲು ಇರ್ತದಲ್ಲ, ಅದು ಪ್ರೆಶರ್ ತಡೀಲಿಕ್ಕೇ ಮಾಡಿದ್ದು. ಕುಡಿಯುವ ನೀರಿನ ತೆಳ್ಳಗಿನ ಬಾಟ್ಲಿ ಆಗೋದಿಲ್ಲ. ತೊಳೆಯುವಾಗ ಕುದಿಯುವ ನೀರು ಹಾಕ್ಬೇಡಿ, ಮುದುಡಿ ಹೋಗ್ತದೆ, ಉಗುರು ಬೆಚ್ಚಗಿನ ನೀರಲ್ಲಿ ಸೋಪು ಹೋಗುವವರೆಗೆ ತೊಳೆದು ಕೊನೆಗೆ ಕುದಿಸಿ ಆರಿಸಿದ ನೀರಲ್ಲಿ ಒಮ್ಮೆ ಕುಲುಕಿಸಿ. ಮೂರು ನಾಲ್ಕು ಬೆರಳು ಜಾಗ ಬಿಟ್ಟು ತುಂಬಿಸಿ, ಬಾಟ್ಲಿಯನ್ನು ಸ್ವಲ್ಪ ಹಿಸುಕಿ ಒಳಗಿನ ಗಾಳಿ ತೆಗೆದು, ಹಿಸುಕಿದ ಹಾಗೇ ಮುಚ್ಚಳ ಬಿಗಿ ಮಾಡಿ.

ಪ್ಲಾಸ್ಟಿಕ್ ಬಾಟ್ಲಿಯ ದೊಡ್ಡ ಉಪಕಾರ ಎಂತ ಅಂದ್ರೆ ಒಳಗೆ ಎಷ್ಟು ಗ್ಯಾಸ್ ಆಗಿದೆ ಅಂತ ಕೈಗೇ ಗೊತ್ತಾಗ್ತದೆ. ಹಿಸುಕಿದ ಗುಳಿ ಮೊದಲು ನಿಧಾನಕ್ಕೆ ತುಂಬ್ತದೆ, ಮತ್ತೆ ಟಕ್ ಅಂತ ಶಬ್ದ ಮಾಡಿ ಹೊರಗೆ ಬರ್ತದೆ, ರಾತ್ರಿ ಅಡಿಗೆ ಕೋಣೆಯಿಂದ ಆ ಶಬ್ದ ಕೇಳಿದ್ರೆ ಬೆಕ್ಕು ಅಂತ ಎದ್ದು ಹೋಗ್ಬೇಡಿ. ಆಮೇಲೆ ಆರಾರು ಗಂಟೆಗೆ ಒಮ್ಮೆ ಹೆಬ್ಬೆರಳಲ್ಲಿ ಒತ್ತಿ ನೋಡ್ತಾ ಇರಿ. ಒತ್ತಿದ್ರೆ ಚೂರು ಒಳಗೆ ಹೋಗ್ತದೆ ಅಂದ್ರೆ ಇನ್ನೂ ಸಮಯ ಉಂಟು, ಅಂಗಡಿಯಿಂದ ತಂದ ತೆರೆಯದ ಸೋಡಾ ಬಾಟ್ಲಿಯ ಹಾಗೆ ಗಟ್ಟಿ ಆಯ್ತಾ, ಕೂಡ್ಲೆ ಫ್ರಿಜ್ಜಿಗೆ. ಮೇ ತಿಂಗಳಲ್ಲಿ ಒಂದು ದಿನದಲ್ಲೇ ಗಟ್ಟಿ ಆಗ್ತದೆ, ಬೆಳಿಗ್ಗೆ ತುಂಬಿಸಿ ನಾಳೆ ಸಂಜೆ ನೋಡ್ವ ಅಂತ ಕಾಸರಗೋಡಿಗೆ ಮದುವೆಗೆ ಹೋದ್ರೆ ಬರುವಾಗ ಬಾಟ್ಲಿಯ ಅಡಿ ಉಬ್ಬಿ ನಿಲ್ಲದೆ ಓಲಾಡ್ತಾ ಇರ್ತದೆ. ಮಳೆಗಾಲದಲ್ಲಿ ಎರಡು ಎರಡೂವರೆ ದಿನ. ಗಂಟೆ ಬರೆದಿಟ್ಟು ಪ್ರಯೋಜನ ಇಲ್ಲ, ಹೆಬ್ಬೆರಳೇ ಮೀಟರ್.

ಫ್ರಿಜ್ಜಲ್ಲಿ ಯೀಸ್ಟ್ ಸಾಯೋದಿಲ್ಲ, ಮಲಗ್ತದೆ ಅಷ್ಟೆ. ಇಲ್ಲಿಯೇ ನಮ್ಮ ಊರಿನ ಇನ್ನೊಂದು ತಾಪತ್ರಯ: ಜೂನ್ ಜುಲೈಯಲ್ಲಿ ಗಾಳಿ ಮಳೆಗೆ ಯಾವುದೋ ತೋಟದಲ್ಲಿ ಅಡಿಕೆ ಮರ ಲೈನಿನ ಮೇಲೆ ಬಿತ್ತು ಅಂದ್ರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕರೆಂಟು ಯಾವಾಗ ಬರ್ತದೆ ಅಂತ ದೇವರೇ ಹೇಳ್ಬೇಕು. ಫ್ರಿಜ್ ಬೆಚ್ಚಗೆ ಆದ ಹಾಗೆ ಯೀಸ್ಟ್ ಎದ್ದು ಕೂರ್ತದೆ. ಅರ್ಧ ದಿನಕ್ಕಿಂತ ಜಾಸ್ತಿ ಕರೆಂಟಿಲ್ಲದಿದ್ರೆ ಪ್ರತಿ ಬಾಟ್ಲಿಯ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ಗ್ಯಾಸ್ ಬಿಟ್ಟು ಪುನಃ ಬಿಗಿ ಮಾಡಿ. ಅದ್ರಲ್ಲೂ ಮಳೆಗಾಲದಲ್ಲಿ ಒಂದು ಸಲಕ್ಕೆ ಎರಡು ಲೀಟರಿಗಿಂತ ಹೆಚ್ಚು ಮಾಡ್ಬೇಡಿ ಅಂತಲೇ ನನ್ನ ಸಲಹೆ.

ತೆರೆಯುವಾಗ ಬಾಟ್ಲಿ ಚೆನ್ನಾಗಿ ತಣ್ಣಗಿರ್ಬೇಕು, ರಾತ್ರಿ ಪೂರ್ತಿ ಫ್ರಿಜ್ಜಲ್ಲಿ ಇದ್ರೆ ಗ್ಯಾಸ್ ನೀರಲ್ಲಿ ಸರಿಯಾಗಿ ಕರಗಿ ಕೂರ್ತದೆ. ಮುಚ್ಚಳ ಒಮ್ಮೆಲೇ ತಿರುಗಿಸ್ಬೇಡಿ. ಸ್ವಲ್ಪ ಸಡಿಲ ಮಾಡಿದ ಕೂಡ್ಲೆ ಅಡಿಯಲ್ಲಿ ಕೂತ ಬಿಳೀ ಗಸಿಯಿಂದ ಸಾಲು ಸಾಲು ಗುಳ್ಳೆ ಎದ್ದು ಮೇಲೆ ಬರ್ತದೆ, ಕುತ್ತಿಗೆಯವರೆಗೆ ನೊರೆ ಬಂತಾ, ಪುನಃ ಬಿಗಿ ಮಾಡಿ, ನೊರೆ ಇಳಿದ ಮೇಲೆ ಮತ್ತೆ ಸಡಿಲ ಮಾಡಿ. ಗಸಿ ಕುಡಿದ್ರೆ ಏನೂ ಆಗೋದಿಲ್ಲ, ಅದು ಯೀಸ್ಟೇ, ಆದ್ರೆ ಹೊಟ್ಟೆ ಸ್ವಲ್ಪ ಗುಡುಗುಡು ಅನ್ಬಹುದು.

ಕೈ ಕೂತ ಮೇಲೆ ಬೇರೆ ಬೇರೆ ನೋಡ್ಬಹುದು. ನನಗೆ ಎಲ್ಲದಕ್ಕಿಂತ ಇಷ್ಟ ಪುನರ್ಪುಳಿಯದ್ದು. ಎರಡು ಲೀಟರಿಗೆ 30 ಗ್ರಾಂ ಒಣ ಸಿಪ್ಪೆ ಬಿಸಿ ನೀರಲ್ಲಿ ನೆನೆಸಿ ಆ ಕೆಂಪು ನೀರು ಸೇರಿಸಿ, ಲಿಂಬೆ ಬೇಡ, ಅದರ ಹುಳಿಯೇ ಜೋರು. ಹುಳಿ ಜಾಸ್ತಿ ಆದ್ರೆ ಯೀಸ್ಟ್ ನಿಧಾನ ಆಗ್ತದೆ, ಹಾಗಾಗಿ ಅರ್ಧ ದಿನ ಜಾಸ್ತಿ ಹಿಡಿದ್ರೆ ಗಾಬರಿ ಆಗ್ಬೇಡಿ. ಬಣ್ಣ ಮಾತ್ರ ನೋಡ್ಲಿಕ್ಕೇ ಕುಷಿ.

ಅನಾನಸಿನ ಸಿಪ್ಪೆಯದ್ದು ಇನ್ನೂ ಸುಲಭ, ಹೆಪ್ಪೇ ಬೇಡ. ಮೆಕ್ಸಿಕೋದಲ್ಲಿ ತೆಪಾಚೆ ಅಂತ ಬೀದಿ ಬದಿಯಲ್ಲಿ ಮಾರ್ತಾರೆ. ಒಂದು ಹಣ್ಣನ್ನು ಹೊರಗಿಂದ ಚೆನ್ನಾಗಿ ತೊಳೆದು, ಸಿಪ್ಪೆ ಮತ್ತೆ ನಡುವಿನ ದಿಂಡು ಮಾತ್ರ, ಎರಡು ಲೀಟರ್ ನೀರು, 150 ಗ್ರಾಂ ಬೆಲ್ಲ, ಎರಡು ಲವಂಗ, ಭರಣಿಯಲ್ಲಿ ಹಾಕಿ ಬಟ್ಟೆ ಕಟ್ಟಿ ಎರಡು ದಿನ, ಸಿಪ್ಪೆ ನೀರಿನ ಮೇಲೆ ತೇಲಿ ಒಣಗದ ಹಾಗೆ ಮೇಲೊಂದು ಸಣ್ಣ ತಟ್ಟೆ ಇಡಿ. ಸೋಸಿ ಬಾಟ್ಲಿಗೆ ತುಂಬಿಸಿ, ಮತ್ತೆ ಅದೇ ಹೆಬ್ಬೆರಳಿನ ಲೆಕ್ಕ.

ಗೇರುಹಣ್ಣು ಹಾಕ್ಬಹುದಾ ಅಂತ ನಮ್ಮಲ್ಲಿ ಯಾರಿಗಾದ್ರೂ ತೋಚದೆ ಇರ್ಲಿಕ್ಕಿಲ್ಲ, ಸೀಸನ್ನಿನಲ್ಲಿ ಗುಡ್ಡೆ ತುಂಬಾ ಬಿದ್ದು ಕೊಳೀತದೆ. ಹಾಕ್ಬಹುದು, ಆದ್ರೆ ಮೊದಲು ಒಗರು ತೆಗೀಬೇಕು. ಬೀಜವನ್ನು ಕೈಯಲ್ಲಿ ತಿರುಪಿ ತೆಗೀರಿ, ಕತ್ತಿ ಹಾಕಿದ್ರೆ ಸಿಪ್ಪೆಯ ಎಣ್ಣೆ ತಾಗಿ ಕೈ ಸುಡ್ತದೆ, ರಸವೂ ಹಾಳು. ರಸ ಹಿಂಡಿ, ಲೀಟರಿಗೆ 5 ಗ್ರಾಂ ಸಾಬಕ್ಕಿ ಪುಡಿ ಮಾಡಿ ಗಂಜಿಯ ಹಾಗೆ ಬೇಯಿಸಿ ಆರಿಸಿ ಸೇರಿಸಿ ಹನ್ನೆರಡು ಗಂಟೆ ಅಲ್ಲಾಡಿಸದೆ ಇಟ್ರೆ, ಒಗರೆಲ್ಲ ಅದಕ್ಕೆ ಅಂಟಿಕೊಂಡು ಅಡಿಗೆ ಕೂರ್ತದೆ, ಮೇಲಿನ ತಿಳಿ ಮಾತ್ರ ತೆಗೀಬೇಕು, ಕೇರಳ ಕೃಷಿ ವಿಶ್ವವಿದ್ಯಾಲಯದವರು ಹೇಳಿಕೊಡುವ ಕ್ರಮ ಇದು. ಸೆಕೆಗೆ ಹೊರಗಿಟ್ರೆ ಅಷ್ಟರಲ್ಲೇ ಹುಳಿ ಹಿಡೀತದೆ, ಹಾಗಾಗಿ ಫ್ರಿಜ್ಜಲ್ಲೇ ಇಡಿ. ಶುಂಠಿ ಬೀರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಈ ರಸ ಬೇಡ, ಅದ್ರಲ್ಲೇ ನೂರಕ್ಕೆ ಹತ್ತು ಭಾಗದಷ್ಟು ಸಕ್ಕರೆ ಉಂಟು, ಹಾಗಾಗಿ ಹಾಕುವ ಸಕ್ಕರೆ ಅಷ್ಟು ಕಡಿಮೆ ಮಾಡಿ. ರಸ ಬಟ್ಟೆಗೆ ಬಿದ್ರೆ ಕಲೆ ಹೋಗೋದಿಲ್ಲ, ಹಳೇ ಬೈರಾಸು ಸುತ್ತಿಕೊಂಡೇ ಕೂತ್ಕೊಳ್ಳಿ. ಮತ್ತೆ ಗೇರುಹಣ್ಣು ಅಂದ ಕೂಡ್ಲೆ ಗೋವಾದ ಫೆನಿ ನೆನಪಾಗಿ ಬಟ್ಟಿ ಇಳಿಸುವ ಯೋಚನೆ ಬಂದವರು ಅದನ್ನು ಅಲ್ಲಿಗೇ ಬಿಡಿ. ಅದು ಬೇರೆಯೇ ಕೇಸು, ಜೈಲಿಗೆ ಹೋಗುವ ಕೇಸು, ಬೆಂಕಿ ಹಿಡಿಯುವ ಅಪಾಯ ಬೇರೆ.

ಕೆಲವು ತೊಂದರೆ ಬರ್ತದೆ. ಬಾಟ್ಲಿ ಗಟ್ಟಿಯೇ ಆಗದಿದ್ರೆ ಮೊದಲು ಮುಚ್ಚಳ ನೋಡಿ, ಬಾಟ್ಲಿ ತಲೆಕೆಳಗೆ ಮಾಡಿದಾಗ ಹನಿ ಬಿದ್ರೆ ಗ್ಯಾಸ್ ಅಲ್ಲಿಂದಲೇ ಹೋಗ್ತಾ ಉಂಟು. ಮುಚ್ಚಳ ಸರಿ ಇದ್ರೆ ಹೆಪ್ಪು ವೀಕು, ಎರಡು ದಿನ ಚೆನ್ನಾಗಿ ಸಕ್ಕರೆ ಕೊಟ್ಟು ಎಬ್ಬಿಸಿ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಯೀಸ್ಟಿಗೆ ಆಹಾರ ಸಾಲ್ತಿಲ್ಲ ಅಂತ, ಹೆಪ್ಪಿಗೆ ಹೊಸ ಶುಂಠಿ ಕೊಡಿ. ಬೀರು ಗ್ಲಾಸಿಗೆ ಹಾಕುವಾಗ ಲೋಳೆ ಲೋಳೆಯಾಗಿ ಎಳೆ ಬಂದ್ರೆ ಅದು ಒಂದು ಜಾತಿಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಜಾಸ್ತಿ ಆದದ್ದು, ವಿಷ ಅಲ್ಲ, ಆದ್ರೆ ಕುಡೀಲಿಕ್ಕೆ ಮನಸ್ಸು ಬರೋದಿಲ್ಲ, ಚೆಲ್ಲಿ, ಹೆಪ್ಪನ್ನೂ ಹೊಸತು ಮಾಡಿ. ಪೂರ್ತಿ ಹುಳಿ ಆಗಿದ್ರೆ ಬಿಸಾಡ್ಬೇಡಿ, ಅಗಲ ಪಾತ್ರೆಗೆ ಹಾಕಿ ಬಟ್ಟೆ ಕಟ್ಟಿ ಒಂದೆರಡು ತಿಂಗಳು ಇಟ್ರೆ ಒಳ್ಳೇ ಶುಂಠಿ ವಿನೆಗರ್ ಆಗ್ತದೆ, ಸಲಾಡಿಗೆ ಹಾಕ್ಲಿಕ್ಕೆ ಬರ್ತದೆ.

ಫ್ರಿಜ್ಜಲ್ಲಿ ಇಟ್ಟ ಬೀರನ್ನು ಹತ್ತು ಹದಿನೈದು ದಿನದೊಳಗೆ ಮುಗಿಸಿ. ಹೆಪ್ಪನ್ನೂ ಮುಚ್ಚಳ ಸಡಿಲ ಹಾಕಿ ಫ್ರಿಜ್ಜಲ್ಲೇ ಇಡಿ, ವಾರಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಕೊಟ್ರೆ ಸಾಕು, ಹಳೇ ಶುಂಠಿ ತುರಿ ಜಾಸ್ತಿ ಆದ್ರೆ ಅರ್ಧ ತೆಗೆದು ಬಾಳೆ ಬುಡಕ್ಕೆ ಹಾಕಿ. ಬೀರು ಮಾಡ್ಬೇಕಾದ ಹಿಂದಿನ ದಿನ ಹೊರಗೆ ತೆಗೆದು ಸಕ್ಕರೆ ಕೊಡಿ, ನೊರೆ ಎದ್ದ ಮೇಲೆ ಮಾತ್ರ ಶುಂಠಿ ಕುದಿಸ್ಲಿಕ್ಕೆ ಇಡಿ.